ಮೆಟ್ಟಿಲ ಬಾಗಿಲಿಗೆ ಬೀಗ ಬೇಡ

ಕೇಳುಗರಿಗೆ ನಮಸ್ಕಾರ. ಎತ್ತರದ ಕಟ್ಟಡಗಳ ಸುರಕ್ಷತಾ ನಿಯಮ ಹೇಗೆ ಸುಧಾರಿಸಬೇಕು ಅಂತ ಮಾತಾಡೋಕೆ ಕರೆದಿದ್ದಾರೆ. ನಾನು ಹೇಳೋದು ಒಂದೇ. ಮೆಟ್ಟಿಲ ಬಾಗಿಲು ಮುಚ್ಚಿರಲಿ, ಬೀಗ ಬೇಡ.

ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ನೆನಪಿದೆಯಾ? 2010ರ ಫೆಬ್ರವರಿ 23. ವಿದ್ಯುತ್ ಕೇಬಲ್ ಹೋಗುವ ಡಕ್ಟ್‌ನಲ್ಲಿ ಬೆಂಕಿ ಹತ್ತಿ ಹೊಗೆ ಮೇಲೇರಿತು. ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. 9 ಜನ ತೀರಿಕೊಂಡರು. ಉರಿಗಿಂತ ಮೊದಲು ಕೊಲ್ಲುವುದು ಹೊಗೆ.

ಮೊನ್ನೆ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. 12 ಮಹಡಿ. ಅಸೋಸಿಯೇಷನ್ ಕಾರ್ಯದರ್ಶಿ ಕಾಫಿ ಕೊಟ್ಟು, ಗೋಡೆಯ ಕೆಂಪು ಸಿಲಿಂಡರುಗಳನ್ನು ತೋರಿಸಿದರು. ಫಳಫಳ ಹೊಳೀತಿದ್ದವು. ಮೆಟ್ಟಿಲಲ್ಲಿ ಇಳಿಯೋಣ ಅಂದೆ. "ಲಿಫ್ಟ್ ಇದೆಯಲ್ಲ ಸಾರ್!" ಅಂದರು. ಹೊರಟೆವು. ಒಂಬತ್ತನೇ ಮಹಡಿಯಲ್ಲಿ ಚಪ್ಪಲಿ ಸ್ಟ್ಯಾಂಡು, ಚಕ್ರವಿಲ್ಲದ ಸೈಕಲ್ಲು. ಏಳರಲ್ಲಿ ಬೆಂಕಿ ತಡೆಯುವ ಬಾಗಿಲಿಗೆ ರುಬ್ಬುವ ಗುಂಡುಕಲ್ಲು ಆನಿಸಿಟ್ಟಿದ್ದರು. ಗಾಳಿ ಬರಲಿ ಅಂತ! ಗಾಳಿ ಬರುವ ದಾರೀಲೇ ಹೊಗೆಯೂ ಬರುತ್ತೆ ಅಲ್ವಾ? ಕೆಳಗೆ ಬಂದರೆ ಬಾಗಿಲಿಗೆ ಸರಪಳಿ, ಬೀಗ. ಕೀಲಿ ಸೆಕ್ಯುರಿಟಿ ಹತ್ತಿರ. ಅವನು ಟೀ ಕುಡಿಯೋಕೆ ಹೋಗಿದ್ದ. ಕಾರ್ಯದರ್ಶಿ ಫೋನ್ ಮಾಡಿದರು. ಬಾಗಿಲಿನ ಆಚೆ, ಅವನ ಮೇಜಿನ ಮೇಲೇ ರಿಂಗ್ ಆಯಿತು. ನಾನು ಗಡಿಯಾರ ನೋಡುತ್ತಾ ನಿಂತೆ. 11 ನಿಮಿಷ. ಹೊಗೆಯಲ್ಲಿ 11 ನಿಮಿಷ ನಿಂತು ನೋಡಿ ಸ್ವಾಮಿ!

"ಕಳ್ಳರು ಬರ್ತಾರಲ್ಲ ಸಾರ್" ಅಂದರು. ಎಲ್ಲರೂ ಇದನ್ನೇ ಅಂತಾರೆ. ಒಳಗಿನಿಂದ ತಳ್ಳಿದರೆ ಸಾಕು, ಬಾಗಿಲು ತೆರೆದುಕೊಳ್ಳುವಂಥ ಅಡ್ಡಪಟ್ಟಿ ಸಿಗುತ್ತೆ. ಹೊರಗಡೆ ಹಿಡಿಕೆಯೇ ಇರಲ್ಲ. ಕಳ್ಳ ಏನು ಹಿಡಿದು ಎಳೀತಾನೆ?

ಹೊರಹೋಗುವ ದಾರಿಗೆ ಬೀಗ ಹಾಕಬಾರದು ಅನ್ನುವ ನಿಯಮ ಈಗಲೇ ಇದೆ. ಬದಲಾಗಬೇಕಾದ್ದು ತಪಾಸಣೆ. ತಪಾಸಣೆಯವರು ಹೇಳಿ ಬಂದರೆ ಹಿಂದಿನ ರಾತ್ರಿಯೇ ಬೀಗ ಮಾಯವಾಗಿರುತ್ತೆ. ಹೇಳದೆ ಬರಬೇಕು, ವರ್ಷ ವರ್ಷ ಬರಬೇಕು, ಬೀಗ ಕಂಡರೆ ಅಲ್ಲೇ ದಂಡ ಹಾಕಬೇಕು.

ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ಟೈಮ್ ಆಯಿತಂತೆ. ನೀರಿನ ಪಂಪು, ಡಕ್ಟ್ ಸೀಲ್ ಮಾಡೋದು, ಅಣಕು ಕವಾಯತು, ಎಲ್ಲ ಉಳಿದೇ ಹೋಯಿತು. ಇವತ್ತು ಊಟ ಆದ ಮೇಲೆ ಒಮ್ಮೆ ನಿಮ್ಮ ಮೆಟ್ಟಿಲಲ್ಲಿ ಕೆಳಗಿನವರೆಗೂ ಇಳಿದು ನೋಡಿ. ಟಾರ್ಚ್ ಇರಲಿ. ನಮ್ಮ ಕಟ್ಟಡದಲ್ಲೇ ಮೂರನೇ ಮಹಡಿ ಬಲ್ಬು ಹೋಗಿ ಎರಡು ತಿಂಗಳಾಯಿತು. ನಮಸ್ಕಾರ.