ಕೇರ್ ಆಫ್ ಅಡ್ರೆಸ್

ನಮಸ್ಕಾರ ಕೇಳುಗರೇ.

ನಮ್ಮ ಅಪ್ಪ 1964ರಲ್ಲಿ ಹಾಸನದ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಕೈಯಲ್ಲಿ ಒಂದು ಟ್ರಂಕು, ಜೇಬಿನಲ್ಲಿ ಒಂದು ಚೀಟಿ. ಚೀಟಿಯಲ್ಲಿ ಶ್ರೀರಾಮಪುರದ ಒಂದು ವಠಾರದ ವಿಳಾಸ. ಅಲ್ಲಿದ್ದವರು ನೆಂಟರಲ್ಲ, ನಮ್ಮ ಅಜ್ಜಿಯ ತವರೂರಿನವರು, ಅಷ್ಟೇ. ಅಪ್ಪ ಅರ್ಜಿ ಹಾಕಿದ ಕಡೆಯೆಲ್ಲ ತಮ್ಮ ಹೆಸರಿನ ಕೆಳಗೆ ‘ಕೇರ್ ಆಫ್’ ಅಂತ ಬರೆದು ಆ ಮನೆಯ ಯಜಮಾನರ ಹೆಸರು ಸೇರಿಸುತ್ತಿದ್ದರು. ಎಂಟು ತಿಂಗಳಾದ ಮೇಲೆ ಇಂಟರ್‌ವ್ಯೂ ಕಾರ್ಡು ಬಂತು. ಆವತ್ತು ಅಪ್ಪ ಮನೆಯಲ್ಲಿರಲಿಲ್ಲ. ಆ ಮನೆಯಾಕೆ ಕಾರ್ಡನ್ನು ಅಕ್ಕಿ ಡಬ್ಬದ ಮೇಲೆ ಜೋಪಾನವಾಗಿ ಎತ್ತಿಟ್ಟಿದ್ದರಂತೆ. ಆ ಡಬ್ಬದ ಮಾತನ್ನು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

ನಾನು ಇವತ್ತು ಮಾತಾಡುವುದು ಅಂಥದ್ದೇ ಒಂದು ವಿಳಾಸದ ಬಗ್ಗೆ. ಜಾಗ ಮಾತ್ರ ಅಮೆರಿಕ. ತಮ್ಮ ದೇಶದಲ್ಲಿ ಜೀವಕ್ಕೆ ಅಪಾಯ ಅಂತ ಓಡಿ ಬಂದು ಇಲ್ಲಿ ಆಶ್ರಯ ಕೇಳುವವರನ್ನು ಸರ್ಕಾರ ಡಿಟೆನ್ಷನ್ ಕೇಂದ್ರಗಳಲ್ಲಿ ಕೂಡಿಡುತ್ತದೆ. ಕೆಲವರು ವಾರಗಟ್ಟಲೆ ಇರುತ್ತಾರೆ, ಕೆಲವರು ವರ್ಷ ದಾಟುತ್ತಾರೆ. ಅಲ್ಲಿಂದ ಬಿಡುಗಡೆಯಾದ ರಾತ್ರಿ ಅವರು ಎಲ್ಲಿ ಮಲಗಬೇಕು? 2018ರಿಂದ ನಾನು ಈ ಒಂದು ಪ್ರಶ್ನೆಯ ಹಿಂದೆ ಓಡಾಡುತ್ತಿದ್ದೇನೆ. ನಾನು ವಕೀಲೆಯಲ್ಲ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹತ್ತಿರ ನಮ್ಮ ಮನೆ. ಹಿಂದಿ ಬರುತ್ತದೆ, ಕಾರು ಓಡಿಸುತ್ತೇನೆ, ಮಗಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಒಂದು ರೂಮು ಖಾಲಿ ಬಿತ್ತು. ಇಷ್ಟೇ ನನ್ನ ಅರ್ಹತೆ.

2018ರ ಮೇ ಕೊನೆಯಲ್ಲಿ, ಮೆಕ್ಸಿಕೊ ಗಡಿಯಲ್ಲಿ ಹಿಡಿದ 120ಕ್ಕೂ ಹೆಚ್ಚು ಗಂಡಸರನ್ನು ನಮ್ಮ ರಾಜ್ಯದ ಶೆರಿಡನ್ ಎಂಬ ಸಣ್ಣ ಊರಿನ ಫೆಡರಲ್ ಜೈಲಿಗೆ ತಂದಿಟ್ಟರು. ಶಿಕ್ಷೆ ಅನುಭವಿಸುವ ಕೈದಿಗಳಿಗಾಗಿ ಕಟ್ಟಿದ ಜೈಲು ಅದು. ಇವರೋ ಆಶ್ರಯ ಕೇಳಿ ವಿಚಾರಣೆಗೆ ಕಾಯುತ್ತಿದ್ದವರು. ಅವರಲ್ಲಿ 50ಕ್ಕೂ ಹೆಚ್ಚು ಮಂದಿ ನಮ್ಮ ದೇಶದವರು, ಜಾಸ್ತಿ ಪಂಜಾಬಿ ಮಾತಾಡುವವರು. ಜೂನ್‌ನಲ್ಲಿ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಮತ್ತು ವಲಸಿಗರಿಗೆ ಕಾನೂನು ನೆರವು ಕೊಡುವ ಇನ್ನೊವೇಷನ್ ಲಾ ಲ್ಯಾಬ್ ಕೋರ್ಟಿಗೆ ಹೋದವು. ವಕೀಲರನ್ನು ಒಳಗೆ ಬಿಡಬೇಕು ಎಂದು ನ್ಯಾಯಾಧೀಶ ಮೈಕೆಲ್ ಸೈಮನ್ ಆದೇಶ ಕೊಟ್ಟರು. ಆಗಸ್ಟ್ ಹೊತ್ತಿಗೆ ಒಬ್ಬೊಬ್ಬರೇ ಹೊರಗೆ ಬರತೊಡಗಿದರು. ಪಂಜಾಬಿ, ಹಿಂದಿ ಬರುವವರು ಬೇಕು ಅಂತ ಯಾರೋ ಫೋನ್ ಮಾಡಿದರು. ನಾನು ಹೋದೆ.

ದೊಡ್ಡ ದೊಡ್ಡ ಪ್ರಶ್ನೆಗಳನ್ನು ಅನುವಾದ ಮಾಡಬೇಕಾಗುತ್ತದೆ ಅಂದುಕೊಂಡಿದ್ದೆ. ವಕೀಲರು, ಅಧಿಕಾರಿಗಳು ಎಲ್ಲರೂ ಅವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಹೊರಗೆ ಬಂದರೆ ಯಾರ ಮನೆಯಲ್ಲಿ ಇರುತ್ತೀರಿ?

ಈ ಪ್ರಶ್ನೆಗೆ ಯಾಕೆ ಅಷ್ಟು ಬೆಲೆ ಅಂತ ಹೇಳುತ್ತೇನೆ. ಬಿಡುಗಡೆ ಕೇಳುವಾಗಲೇ ವಿಳಾಸ ಕೊಡಬೇಕು. ಆ ವಿಳಾಸದಲ್ಲಿರುವವರು ಒಂದು ಪತ್ರ ಬರೆದುಕೊಡಬೇಕು. ಇವರು ನಮ್ಮ ಮನೆಯಲ್ಲಿ ಇರುತ್ತಾರೆ, ಕೋರ್ಟಿನ ತಾರೀಖುಗಳಿಗೆ ನಾವು ಕಳಿಸಿಕೊಡುತ್ತೇವೆ ಅಂತ. ಜೊತೆಗೆ ಗುರುತಿನ ಚೀಟಿ ಬೇಕು, ಕರೆಂಟು ಬಿಲ್ಲೋ ನೀರಿನ ಬಿಲ್ಲೋ ಬೇಕು. ಇದಕ್ಕೆ ಸ್ಪಾನ್ಸರ್ ಅಂತಾರೆ. ಬಾಂಡ್, ಅಂದರೆ ಜಾಮೀನಿನ ಹಣ, ಬೇರೆ. ಕಾನೂನಿನ ಪ್ರಕಾರ ಬಾಂಡ್ ಕನಿಷ್ಠ 1,500 ಡಾಲರ್. ನಾನು ನೋಡಿದ ಕೇಸುಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಇರುತ್ತಿತ್ತು. ಪೂರ್ತಿ ಹಣ ಒಟ್ಟಿಗೇ ಕಟ್ಟಬೇಕು. ಆತ ಕರೆದಾಗಲೆಲ್ಲ ಹಾಜರಾದರೆ ಕೇಸು ಮುಗಿದ ಮೇಲೆ ವಾಪಸ್ ಬರುತ್ತದೆ. ಆದರೆ ಹಣ ಹೇಗೋ ಹೊಂದಿಸಬಹುದು. ಊರಲ್ಲಿ ಹೊಲ ಮಾರುತ್ತಾರೆ, ಸಾಲ ತರುತ್ತಾರೆ. ವಿಳಾಸವನ್ನು ಹಾಗೆ ಕೊಂಡು ತರುವುದಕ್ಕೆ ಆಗುವುದಿಲ್ಲ. ಯಾರಾದರೂ ತಮ್ಮ ಮನೆ ಬಾಗಿಲು ತೆಗೆಯಬೇಕು.

ನಿರಾಶ್ರಿತರಿಗೆ ಸರ್ಕಾರವೇ ಮನೆ ಕೊಡುತ್ತದಲ್ಲಾ ಅಂತ ತುಂಬಾ ಜನ ಕೇಳುತ್ತಾರೆ. ಅದು ಬೇರೆಯವರ ಮಾತು. ಹೊರದೇಶದಲ್ಲೇ ಪರಿಶೀಲನೆ ಮುಗಿಸಿ, ನಿರಾಶ್ರಿತರು ಅಂತ ಒಪ್ಪಿ ವಿಮಾನದಲ್ಲಿ ಕರೆತಂದವರಿಗೆ ಮೊದಲ 90 ದಿನ ಸಂಸ್ಥೆಗಳು ಮನೆ, ಪಾತ್ರೆ, ಹಾಸಿಗೆ ನೋಡಿಕೊಳ್ಳುವ ಪದ್ಧತಿ ಇತ್ತು. 2025ರಲ್ಲಿ ಅದನ್ನೂ ಬಹುಪಾಲು ನಿಲ್ಲಿಸಿದರು. ಇಲ್ಲಿಗೆ ಬಂದ ಮೇಲೆ ಆಶ್ರಯ ಕೇಳಿದವರಿಗೆ ಆ ಸೌಲಭ್ಯ ಮೊದಲಿನಿಂದಲೂ ಇಲ್ಲ. ಕೈಗೆ ಕಾಗದಗಳು, ಒಂದು ಚೀಲದಲ್ಲಿ ಬಟ್ಟೆ, ಚಾರ್ಜ್ ಮುಗಿದ ಫೋನು. ಎಷ್ಟೋ ಊರುಗಳಲ್ಲಿ ಇವರನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಹೋಗಿದ್ದಾರೆ.

ಹಾಗಾದರೆ ಬಾಡಿಗೆ ಮನೆ ಹಿಡಿಯಬಹುದಲ್ಲಾ? ಅಮೆರಿಕಕ್ಕೆ ಬಂದ ನಮ್ಮ ಮಕ್ಕಳಿಗೆ ಗೊತ್ತು ಮೊದಲ ಮನೆ ಹಿಡಿಯುವ ಕಷ್ಟ. ಕ್ರೆಡಿಟ್ ಸ್ಕೋರ್ ಎಲ್ಲಿ, ಸೋಷಿಯಲ್ ಸೆಕ್ಯುರಿಟಿ ನಂಬರ್ ಎಲ್ಲಿ, ಬಾಡಿಗೆಯ ಮೂರು ಪಟ್ಟು ಸಂಬಳ ಬರುವ ಪುರಾವೆ ಎಲ್ಲಿ ಅಂತ ಕೇಳುತ್ತಾರೆ. ಅರ್ಜಿ ಹಾಕಿದ್ದಕ್ಕೂ ಫೀಸು, ಮನೆ ಸಿಗದಿದ್ದರೆ ಅದು ಹೋದಂತೆ. ನಮ್ಮವರ ಕೈಯಲ್ಲಿ ಕಂಪನಿಯ ಆಫರ್ ಲೆಟರ್ ಆದರೂ ಇರುತ್ತದೆ. ಡಿಟೆನ್ಷನ್‌ನಿಂದ ಬಂದವರ ಪಾಸ್‌ಪೋರ್ಟೇ ಎಷ್ಟೋ ಸಲ ಅಧಿಕಾರಿಗಳ ಹತ್ತಿರ ಇರುತ್ತದೆ. ದುಡಿಯೋಣ ಅಂದರೆ, ಆಶ್ರಯದ ಅರ್ಜಿ ಹಾಕಿ 150 ದಿನ ಕಳೆಯದೆ ಕೆಲಸದ ಪರವಾನಗಿ ಕೇಳುವ ಹಾಗೇ ಇಲ್ಲ, 180 ದಿನ ಆಗದೆ ಅದು ಕೈಗೆ ಬರುವುದಿಲ್ಲ. 2025ರ ಜುಲೈಯಲ್ಲಿ ಬಂದ ಕಾನೂನಿನಿಂದ ಆ ಮೊದಲ ಪರವಾನಗಿಗೆ 550 ಡಾಲರ್ ಫೀಸು ಬೇರೆ ಸೇರಿತು. ಅಂದರೆ ಹತ್ತಿರ ಹತ್ತಿರ ಆರು ತಿಂಗಳು, ಕೆಲವರಿಗೆ ಅದಕ್ಕೂ ಜಾಸ್ತಿ, ಸಂಬಳವಿಲ್ಲದೆ ಬದುಕಬೇಕು. ಬಾಡಿಗೆಗೆ ಬರುವವರ ವಲಸೆ ಸ್ಥಿತಿ ಏನು ಅಂತ ಮನೆ ಓನರ್ ಕೇಳಬಾರದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿದೆ, ಆರೆಗನ್‌ನಲ್ಲೂ 2025ರಲ್ಲಿ ಬಂತು. ಒಳ್ಳೆಯದೇ. ಆದರೆ ಬಾಡಿಗೆ ಕಟ್ಟುವ ದುಡ್ಡನ್ನು ಕಾನೂನು ಕೊಡುವುದಿಲ್ಲ.

ಅದಕ್ಕೇ ಈ ಆರು ತಿಂಗಳನ್ನು ದಾಟಿಸುವ ಮನೆಗಳು ಬೇಕು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಾಸಾ ಮಾರಿಯಾನೆಲ್ಲಾ ಎಂಬ ಮನೆ 1986ರಿಂದ ನಡೆಯುತ್ತಿದೆ. ಗಡಿಯ ಮೇಲಿನ ಎಲ್ ಪಾಸೊ ಊರಿನಲ್ಲಿ ಅನನ್ಸಿಯೇಷನ್ ಹೌಸ್ 1978ರಲ್ಲಿ ಶುರುವಾಯಿತು. 2024ರಲ್ಲಿ ಟೆಕ್ಸಸ್‌ನ ಅಟಾರ್ನಿ ಜನರಲ್ ಅದನ್ನು ಮುಚ್ಚಿಸಲು ಕೋರ್ಟಿಗೇ ಹೋದರು. ಗುರುದ್ವಾರಗಳು ಊಟ ಹಾಕುತ್ತವೆ, ಮಲಗಲು ಜಾಗ ಕೊಡುತ್ತವೆ. ಆದರೆ ಇಂಥ ಜಾಗಗಳು ಎಲ್ಲ ಊರಲ್ಲೂ ಇಲ್ಲ. ಉಳಿದ ಕಡೆ ನಮ್ಮ ನಿಮ್ಮಂಥವರ ಖಾಲಿ ರೂಮೇ ಗತಿ.

ನಮ್ಮ ಮನೆಗೆ ಬಂದ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಅವನ ಕೇಸು ಇನ್ನೂ ಮುಗಿದಿಲ್ಲ. ಹರಿಯಾಣದವನು, 23 ವರ್ಷ. 2023ರ ಚಳಿಗಾಲದಲ್ಲಿ ಬಂದ. ಡಿಟೆನ್ಷನ್‌ನಲ್ಲಿ ಹತ್ತು ತಿಂಗಳು ಇದ್ದವನು. ಮೊದಲ ದಿನ ಸಂಜೆ ನಾಲ್ಕು ಗಂಟೆಗೆ ಅವನ ರೂಮಿನ ಕಡೆ ಹೋದರೆ, ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂತಿದ್ದಾನೆ. ಮಾತಾಡಿಸಿದರೂ ಅಲುಗಾಡಲಿಲ್ಲ. ಮಾರನೆಯ ದಿನವೂ ಅದೇ ಹೊತ್ತಿಗೆ ಹಾಗೇ. ಆಮೇಲೆ ತಿಳಿಯಿತು, ಒಳಗೆ ದಿನಕ್ಕೆ ಹಲವು ಸಲ ತಲೆ ಎಣಿಸುತ್ತಾರೆ. ಎಣಿಕೆ ಮುಗಿಯುವವರೆಗೂ ಅವರವರ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ನಮ್ಮ ಮನೆಯಲ್ಲಿ ಎಣಿಸುವವರು ಯಾರೂ ಇರಲಿಲ್ಲ. ಆದರೂ ಎರಡು ವಾರ ನಾಲ್ಕು ಗಂಟೆ ಅವನನ್ನು ಹಾಸಿಗೆಯ ಮೇಲೆ ಕೂರಿಸುತ್ತಿತ್ತು. ನಮ್ಮ ಮನೆಯವರು ಒಂದು ಉಪಾಯ ಮಾಡಿದರು. ನಾಲ್ಕಕ್ಕೆ ಐದು ನಿಮಿಷ ಇರುವಾಗ ‘ಬಾರಪ್ಪ, ನಾಯಿ ಕರೆದುಕೊಂಡು ಹೋಗೋಣ’ ಅಂತ ಕೂಗಿ ಹೊರಗೆ ಕರೆದೊಯ್ಯುತ್ತಿದ್ದರು. ಮಳೆ ಬಂದರೂ ಹೋಗುತ್ತಿದ್ದರು.

ಅವನ ಊರಲ್ಲಿ ಏನಾಯಿತು, ಯಾಕೆ ಓಡಿ ಬಂದ ಅಂತ ನಾವು ಕೇಳಲಿಲ್ಲ. ಆ ಕಥೆಯನ್ನು ಅಧಿಕಾರಿಗಳ ಮುಂದೆ, ವಕೀಲರ ಮುಂದೆ, ನ್ಯಾಯಾಧೀಶರ ಮುಂದೆ ಅವನು ಮತ್ತೆ ಮತ್ತೆ ಹೇಳಲೇಬೇಕು. ಊಟದ ಮುಂದೆಯೂ ಹೇಳಿಸುವುದು ಬೇಡ ಅನ್ನಿಸಿತು. ಮೊದಲ ದಿನವೇ ಮನೆಯ ಕೀ ಕೊಟ್ಟೆವು. ಎಷ್ಟು ತಿಂಗಳು ಇರಬಹುದು, ಅಡುಗೆಮನೆ ಹೇಗೆ, ಫೋನ್ ಬಿಲ್ ಯಾರದು ಅಂತ ಒಂದು ಹಾಳೆಯಲ್ಲಿ ಹಿಂದಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಕೆಲವರಿಗೆ ಇದು ವ್ಯವಹಾರ ಅನ್ನಿಸಬಹುದು. ನನ್ನ ಅನುಭವದಲ್ಲಿ ಈ ಹಾಳೆಯೇ ಸಂಕೋಚ ಕಳೆಯಿತು. ‘ಇರಪ್ಪ, ಎಷ್ಟು ದಿನ ಬೇಕಾದರೂ ಇರು’ ಅಂದರೆ, ಯಾವತ್ತು ಹೊರಡು ಅಂತಾರೋ ಎಂಬ ಭಯದಲ್ಲೇ ದಿನ ಕಳೆಯುತ್ತಾರೆ.

ಎಂಟು ತಿಂಗಳಾದ ಮೇಲೆ ಪರವಾನಗಿ ಬಂತು. ಪೆಟ್ರೋಲ್ ಬಂಕಿನಲ್ಲಿ ಕೆಲಸ ಸಿಕ್ಕಿತು. ಮೂರು ಜನ ಹುಡುಗರ ಜೊತೆ ಒಂದು ಅಪಾರ್ಟ್‌ಮೆಂಟಿಗೆ ಹೋದ. ಹೋಗುವ ದಿನ ಅಕ್ಕಿ, ಬೇಳೆ, ಒಂದು ಕುಕ್ಕರ್ ಕೊಟ್ಟು ಕಳಿಸಿದೆ. ಎಲ್ಲ ಸರಿಹೋಯಿತು ಅಂದುಕೊಂಡೆವು.

ಎರಡು ತಿಂಗಳಿಗೆ ನಮ್ಮ ಅಂಚೆ ಡಬ್ಬಿಗೆ ಅವನ ಹೆಸರಿನ ಒಂದು ಲಕೋಟೆ ಬಂತು. ವಲಸೆ ಕೋರ್ಟಿನದು. ಮುಂದಿನ ವರ್ಷಕ್ಕಿದ್ದ ತಾರೀಖನ್ನು ಇನ್ನು ಮೂರೇ ವಾರಕ್ಕೆ ತಂದಿದ್ದರು. ನಾನು ಗಾಬರಿಯಿಂದ ಫೋನ್ ಮಾಡಿದೆ. ‘ಆಂಟೀಜಿ, ವಿಳಾಸ ಬದಲಾಗಿದೆ ಅಂತ ಹೇಳಿದ್ದೇನಲ್ಲ’ ಅಂದ. ಹೇಳಿದ್ದು ನಿಜ. ಯಾರಿಗೆ? ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸುವ ಅಧಿಕಾರಿಗೆ. ಅವರು ಒಂದು ಇಲಾಖೆ, ಕೋರ್ಟು ಇನ್ನೊಂದು ಇಲಾಖೆ. ಇವರಿಗೆ ಹೇಳಿದ್ದು ಅವರಿಗೆ ಹೋಗುವುದಿಲ್ಲ. ಕೋರ್ಟಿಗೆ ಬೇರೆ ಫಾರಂ ಇದೆ, ಮನೆ ಬದಲಾಯಿಸಿದ ಐದು ಕೆಲಸದ ದಿನಗಳ ಒಳಗೆ ಕಳಿಸಬೇಕು. ಪರವಾನಗಿ ಕೊಡುವ ಕಚೇರಿ ಮೂರನೆಯದು, ಅವರಿಗೆ ಹತ್ತು ದಿನದ ಒಳಗೆ ತಿಳಿಸಬೇಕು. ಮನೆ ಒಂದು, ತಿಳಿಸಬೇಕಾದ ಕಡೆ ಮೂರು. ಬೇರೆ ರಾಜ್ಯಕ್ಕೇ ಹೋದರೆ, ಕೇಸನ್ನು ಅಲ್ಲಿನ ಕೋರ್ಟಿಗೆ ವರ್ಗ ಮಾಡಿ ಅಂತ ಪ್ರತ್ಯೇಕ ಅರ್ಜಿ ಹಾಕಬೇಕು. ಒಪ್ಪುವವರೆಗೆ ಹಳೆಯ ಕೋರ್ಟಿಗೇ ಹೋಗಬೇಕು.

ಆ ತಾರೀಖು ತಪ್ಪಿದ್ದರೆ ಏನಾಗುತ್ತಿತ್ತು ಗೊತ್ತೇ? ಆತ ಇಲ್ಲದೆಯೇ ಗಡೀಪಾರಿನ ಆದೇಶ ಬರೆದುಬಿಡುತ್ತಾರೆ. ಇಡೀ ದೇಶದ ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಕೇಸು ಬಾಕಿ ಇವೆ. ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದಿಲ್ಲ. ಹೀಗಿರುವಾಗ ಒಂದು ಲಕೋಟೆ ಕೈಸೇರದೆ ಒಬ್ಬನ ಬದುಕು ಮುಗಿದುಹೋಗಬಹುದು. ಮನೆ ಕೊಡುವುದು ಅಂದರೆ ಬರೀ ಚಳಿಗೆ ಹೊದಿಕೆ ಅಂತ ನಾನು ಮೊದಲು ತಿಳಿದಿದ್ದೆ. ಆ ಲಕೋಟೆ ಬಂದ ದಿನ ಅಪ್ಪನ ಅಕ್ಕಿ ಡಬ್ಬ ನೆನಪಾಯಿತು.

ಈಗ ಅಮೆರಿಕದಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಎಂಎಸ್ ಓದಲು ಬರುವ ಹುಡುಗರಿಗೆ ಸೀನಿಯರ್‌ಗಳು ಟೆಂಪರರಿ ಅಕಾಮಡೇಷನ್ ಕೊಡುವುದು ನಮಗೆಲ್ಲ ಗೊತ್ತು. ಪರಿಚಯವೇ ಇಲ್ಲದವರನ್ನು ಏರ್‌ಪೋರ್ಟಿನಿಂದ ಕರೆತಂದು ಹಾಲ್‌ನಲ್ಲಿ ಮಲಗಿಸುತ್ತೇವೆ. ಬ್ಯಾಂಕಿಗೆ ಕರೆದುಕೊಂಡು ಹೋಗುತ್ತೇವೆ, ಸಿಮ್ ಕೊಡಿಸುತ್ತೇವೆ. ಈ ಕೆಲಸಕ್ಕೂ ಅಷ್ಟೇ ಬೇಕು, ಸ್ವಲ್ಪ ಜಾಸ್ತಿ ದಿನ ಬೇಕು. ಸ್ಪಾನ್ಸರ್ ಆಗಲು ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನೇ ಕೇಳುತ್ತಾರೆ. ಎಚ್-1ಬಿಯಲ್ಲಿ ಇರುವವರು ಸುಮ್ನೆ ಧೈರ್ಯ ಮಾಡಿ ಸಹಿ ಹಾಕಬೇಡಿ, ಮೊದಲು ವಲಸೆ ವಕೀಲರನ್ನು ಕೇಳಿ. ಬಾಡಿಗೆ ಮನೆಯಲ್ಲಿದ್ದರೆ ಅತಿಥಿಗಳು ಎಷ್ಟು ದಿನ ಇರಬಹುದು ಅಂತ ಕರಾರಿನಲ್ಲಿ ನೋಡಿ. ರೂಮು ಕೊಡಲಾಗದಿದ್ದರೂ ಹಿಂದಿ ಬರುತ್ತದಲ್ಲ, ಅದು ಸಾಕು. ಗುಜರಾತಿನವರು, ನೇಪಾಳದವರು, ಹರಿಯಾಣದವರು ಎಷ್ಟೋ ಜನ ಮಾತಾಡಲು ಒಬ್ಬರಿಲ್ಲದೆ ಕೂತಿದ್ದಾರೆ. ಕೋರ್ಟಿಗೆ ಕರೆದುಕೊಂಡು ಹೋಗಲು ಕಾರು ಬೇಕು. ಒಬ್ಬರ ಕೇಸಿನ ತಾರೀಖನ್ನು ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ನೋಡುವುದಕ್ಕೆ ಎರಡು ನಿಮಿಷ ಸಾಕು, ಅದಕ್ಕೆ ವಲಸೆ ಇಲಾಖೆ ಅವರಿಗೆ ಕೊಟ್ಟ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ, ಎ-ನಂಬರ್, ಬೇಕು.

ಈಗ ಕಾಲ ಕೆಟ್ಟಿದೆ, ಮುಚ್ಚಿಡುವುದಿಲ್ಲ. ತಪಾಸಣೆ ಇಲ್ಲದೆ ಗಡಿ ದಾಟಿ ಬಂದವರಿಗೆ ಬಾಂಡ್ ಕೊಡುವ ಅಧಿಕಾರ ವಲಸೆ ನ್ಯಾಯಾಧೀಶರಿಗೆ ಇಲ್ಲ ಅಂತ 2025ರ ಸೆಪ್ಟೆಂಬರ್‌ನಲ್ಲಿ ವಲಸೆ ಮೇಲ್ಮನವಿ ಮಂಡಳಿ ಹೇಳಿತು. ವಕೀಲರು ಫೆಡರಲ್ ಕೋರ್ಟುಗಳ ಬಾಗಿಲು ತಟ್ಟಿ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದಾರೆ. ಅಂಥ ಆದೇಶ ಬಂದರೆ ಅದೇ ದಿನ ಹೊರಗೆ ಬಿಟ್ಟರೂ ಬಿಟ್ಟರು. ಆಗ ಮನೆ ಹುಡುಕಲು ಹೊತ್ತಿರುವುದಿಲ್ಲ. ಮೊದಲೇ ಸಿದ್ಧವಾಗಿರುವ ರೂಮು ಬೇಕು. ಬಾಗಿಲು ತೆರೆಯಲು ಹೆದರುವವರೂ ಜಾಸ್ತಿ ಆಗಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಮಕ್ಕಳಿರುತ್ತಾರೆ, ವೀಸಾ ಚಿಂತೆ ಇರುತ್ತದೆ, ಹೆದರಿಕೆ ಸಹಜ ಅಲ್ವಾ? ಅವರು ಹಾಸಿಗೆ ಕೊಡಲಿ, ಪಾತ್ರೆ ಕೊಡಲಿ, ಒಂದು ತಿಂಗಳ ಬಸ್ ಪಾಸ್ ಕೊಡಿಸಲಿ. ನಾವು ರೂಮು ಕೊಡುತ್ತೇವೆ.

ಆ ಹುಡುಗ ಲಕೋಟೆಯಲ್ಲಿದ್ದ ತಾರೀಖಿಗೆ ಹಾಜರಾದ. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಮೂರೂ ಕಡೆಗೆ ಹೊಸ ವಿಳಾಸ ಕಳಿಸಿದೆವು. ಆದರೂ ಹಳೆಯ ವಿಳಾಸಕ್ಕೆ ಏನಾದರೂ ಬಂದರೆ ಅಂತ, ನಮ್ಮ ಅಂಚೆ ಡಬ್ಬಿಯ ಮೇಲೆ ನಮ್ಮ ಹೆಸರಿನ ಕೆಳಗೆ ಅಂಟಿಸಿದ್ದ ಅವನ ಹೆಸರಿನ ಚೀಟಿಯನ್ನು ತೆಗೆದಿಲ್ಲ. ಹೋದ ವಾರ ಅದರ ಕೆಳಗೆ ಇನ್ನೊಂದು ಹೆಸರು ಅಂಟಿಸಿದೆವು. ಅವರಿನ್ನೂ ಹೊರಗೆ ಬಂದಿಲ್ಲ.

ನಮಸ್ಕಾರ.