ಮಗುವಿನ ಹಂಬಲ, ನಂಬಿಕೆ ಮತ್ತು ದಾಂಪತ್ಯ

ಕೇಳುಗರೇ, ನಮಸ್ಕಾರ.

ಮಗುವಿಗಾಗಿ ಹಂಬಲಿಸುವ ಗಂಡಹೆಂಡಿರ ನಡುವೆ ದೇವರ ಹೆಸರು ಎರಡು ಬಗೆಯಲ್ಲಿ ಬರುತ್ತದೆ. ‘ಏನೇ ಆಗಲಿ, ದೇವರು ನಮ್ಮ ಕೈಬಿಡುವುದಿಲ್ಲ’ ಎಂಬುದು ಒಂದು. ‘ಯಾವ ಪಾಪಕ್ಕೆ ಈ ಶಿಕ್ಷೆಯೋ’ ಎಂಬುದು ಇನ್ನೊಂದು. ಧರ್ಮಕ್ಕೂ ಮನಸ್ಸಿಗೂ ಇರುವ ನಂಟನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಈ ಎರಡನ್ನೂ ಬೇರೆಬೇರೆಯಾಗಿಯೇ ಗುರುತಿಸಿದರು. ಮೊದಲನೆಯದು ಕಷ್ಟವನ್ನು ತಾಳಿಕೊಳ್ಳುವ ಬಲ ಕೊಟ್ಟರೆ, ಎರಡನೆಯದು ಇರುವ ಕಷ್ಟದ ಮೇಲೆ ಅಪರಾಧದ ಭಾರವನ್ನೂ ಹೇರುತ್ತದೆ.

ಶಿಕ್ಷೆಯ ಮಾತು ಹೆಚ್ಚಾಗಿ ಹೆಣ್ಣಿನ ಕಡೆಗೇ ತಿರುಗುವುದು ನನ್ನನ್ನು ತುಂಬ ನೋಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೇಹದ ಕಾರಣವೂ ಪೂರ್ತಿಯಾಗಿಯೋ ಸ್ವಲ್ಪ ಮಟ್ಟಿಗೋ ಸೇರಿರುತ್ತದೆ. ಹೀಗಿದ್ದೂ ಹೆಂಡತಿಯೊಬ್ಬಳೇ ಉಪವಾಸ, ಹರಕೆ, ತಪಾಸಣೆ ಎಂದು ವರ್ಷಗಟ್ಟಲೆ ಸವೆಯುತ್ತಿರುವಾಗ ಗಂಡನು ವೀರ್ಯ ಪರೀಕ್ಷೆಗೂ ಒಪ್ಪದೆ ಕುಳಿತರೆ, ಅಲ್ಲಿ ಪ್ರಾರ್ಥನೆಯೂ ಇಬ್ಬರನ್ನು ಹತ್ತಿರ ತರಲಾರದು.

ಯೆಹೂದಿ ಮತ್ತು ಕ್ರೈಸ್ತ ಪರಂಪರೆಗಳಲ್ಲಿ ಹನ್ನಳ ಕಥೆಯಿದೆ. ಮಕ್ಕಳಿಲ್ಲವೆಂದು ಊಟ ಬಿಟ್ಟು ಅಳುವ ಅವಳನ್ನು ಗಂಡ ಎಲ್ಕಾನನು, ಹತ್ತು ಮಂದಿ ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಕೇಳುತ್ತಾನೆ. ಆ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಇನ್ನೊಬ್ಬ ಹೆಂಡತಿಯಿಂದ ಮಕ್ಕಳನ್ನು ಪಡೆದಿದ್ದ ಅವನ ಸಮಾಧಾನದಿಂದ ಹನ್ನಳ ದುಃಖ ತಣಿಯುವುದಿಲ್ಲ, ಅವಳು ಎದ್ದುಹೋಗಿ ದೇವರ ಮುಂದೆ ಒಬ್ಬಳೇ ಕಣ್ಣೀರಿಡುತ್ತಾಳೆ. ಇಂದಿಗೂ ಎಷ್ಟೋ ಗಂಡಂದಿರು ಸಾಂತ್ವನ ಹೇಳಿ ಮುಗಿಸುವ ಅವಸರದಲ್ಲಿ ಹೆಂಡತಿಯ ಅಳಲನ್ನು ಪೂರ್ತಿ ಕೇಳುವುದಿಲ್ಲ, ತಮ್ಮ ನೋವನ್ನಂತೂ ಬಾಯಿಬಿಟ್ಟು ಹೇಳುವುದೇ ಇಲ್ಲ. ಇಬ್ಬರೂ ಜೊತೆಯಾಗಿ ಕುಳಿತು ಪ್ರಾರ್ಥಿಸುವಾಗ ಒಬ್ಬರ ಸಂಕಟ ಇನ್ನೊಬ್ಬರ ಕಿವಿಗೆ ಬಿದ್ದರೆ, ನಂಬಿಕೆಯಿಂದ ಸಂಸಾರಕ್ಕೆ ದೊರೆಯುವ ದೊಡ್ಡ ಲಾಭ ಅದೇ ಎಂದು ನಾನು ತಿಳಿದಿದ್ದೇನೆ.

ಚಿಕಿತ್ಸೆಯ ಮಾತು ಬಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ ಪಡೆದ ಮೊದಲ ಪ್ರನಾಳ ಶಿಶು 1978ರಲ್ಲಿ ಹುಟ್ಟಿದ ಮೇಲೆ ಧರ್ಮಗಳು ಬೇರೆಬೇರೆ ನಿಲುವು ತಳೆದವು. ಆ ವಿಧಾನವನ್ನು ಒಪ್ಪಲಾಗದೆಂದು ಕ್ಯಾಥೊಲಿಕ್ ಚರ್ಚು 1987ರಲ್ಲಿ ಸಾರಿತು. ಗಂಡಹೆಂಡಿರದೇ ಅಂಡಾಣು ಮತ್ತು ವೀರ್ಯಾಣುಗಳಾದರೆ ಸುನ್ನಿ ವಿದ್ವಾಂಸರಲ್ಲಿ ಬಹುಪಾಲು ಮಂದಿ ಒಪ್ಪುತ್ತಾರೆ, ಮೂರನೆಯವರಿಂದ ಪಡೆಯುವುದನ್ನು ಒಪ್ಪುವುದಿಲ್ಲ. ಗಂಡಹೆಂಡಿರಲ್ಲಿ ಒಬ್ಬರಿಗೆ ಧರ್ಮದ ಕಟ್ಟಳೆ ಮೀರಲಾಗದ್ದು, ಇನ್ನೊಬ್ಬರಿಗೆ ಮಗುವಿನ ಆಸೆಯೇ ದೊಡ್ಡದು ಎಂದಾದರೆ, ಚಿಕಿತ್ಸೆಯ ನಡುವೆ ಆ ಭಿನ್ನಾಭಿಪ್ರಾಯ ತೀರಾ ಕಹಿಯಾಗುತ್ತದೆ. ಯಾವ ಚಿಕಿತ್ಸೆಗೆ ಇಬ್ಬರ ಮನಸ್ಸೂ ಒಪ್ಪುತ್ತದೆ, ಫಲ ಸಿಗದಿದ್ದರೆ ಎಲ್ಲಿಗೆ ನಿಲ್ಲಿಸುವುದು, ದತ್ತು ಸ್ವೀಕಾರದ ಬಗ್ಗೆ ಏನೆನ್ನಿಸುತ್ತದೆ ಎಂಬುದನ್ನು ಆರಂಭಕ್ಕೆ ಮೊದಲೇ ಬಿಚ್ಚಿ ಮಾತನಾಡಿಕೊಳ್ಳುವುದು ಲೇಸು.

ಧರ್ಮಗುರುಗಳಲ್ಲಿ ನನ್ನದೊಂದು ವಿನಂತಿಯಿದೆ. ನಿಮ್ಮ ಬಳಿ ಬರುವ ದಂಪತಿಗಳಿಗೆ ಮಗು ಆಗಿಯೇ ತೀರುತ್ತದೆಂಬ ಭರವಸೆ ಕೊಡಬೇಡಿ; ಇಬ್ಬರ ಮಾತನ್ನೂ ಕೇಳಿ, ಇಬ್ಬರನ್ನೂ ಜೊತೆಯಾಗಿ ವೈದ್ಯರ ಬಳಿಗೆ ಕಳುಹಿಸಿಕೊಡಿ.

ನಮಸ್ಕಾರ.