ಬೆಂಕಿ ಮುಟ್ಟದ ಆರ್ಗನ್‌ಗೆ ಐದು ವರ್ಷದ ಆರೈಕೆ

ಎಲ್ಲರಿಗೂ ನಮಸ್ಕಾರ.

2019ರ ಏಪ್ರಿಲ್ 15ರ ರಾತ್ರಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಹೊತ್ತಿ ಉರಿದದ್ದನ್ನು ನಿಮ್ಮಲ್ಲಿ ತುಂಬಾ ಜನ ಟಿವಿಯಲ್ಲಿ ನೋಡಿರುತ್ತೀರಿ. ಚೂಪು ಗೋಪುರ ಮುರಿದು ಬೀಳುವುದನ್ನೇ ಮತ್ತೆ ಮತ್ತೆ ತೋರಿಸಿದರು. ನನಗೆ ಅವತ್ತು ಒಂದೇ ಚಿಂತೆ, ಒಳಗಿರುವ ಆರ್ಗನ್ ಅನ್ನುವ ದೊಡ್ಡ ಗಾಳಿವಾದ್ಯ ಏನಾಯಿತು?

ಅದು ಸುಟ್ಟಿರಲಿಲ್ಲ. ಪಶ್ಚಿಮದ ಬಾಗಿಲ ಮೇಲೆ, ಎರಡು ದೊಡ್ಡ ಗೋಪುರಗಳ ನಡುವೆ ಅದರ ಜಾಗ. ಬೆಂಕಿ ಅಲ್ಲಿಗೆ ತಲುಪಲಿಲ್ಲ. ಹಾಗಿದ್ದ ಮೇಲೆ ರಿಪೇರಿಗೆ ಐದು ವರ್ಷ ಯಾಕೆ ಬೇಕಾಯಿತು? ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ವಾದ್ಯ ಹೇಗಿದೆ ನೋಡೋಣ. ನಮಗೆ ಹಾರ್ಮೋನಿಯಂ ಗೊತ್ತು, ಅಲ್ವಾ? ತಿದಿ ಒತ್ತಿದರೆ ಗಾಳಿ ತುಂಬುತ್ತದೆ, ಮನೆ (ಕೀ) ಒತ್ತಿದರೆ ಗಾಳಿಗೆ ದಾರಿ ಸಿಗುತ್ತದೆ, ಹಿತ್ತಾಳೆಯ ರೀಡ್ ಅದುರಿ ಸ್ವರ ಬರುತ್ತದೆ. ಪೈಪ್ ಆರ್ಗನ್‌ನಲ್ಲೂ ಗಾಳಿಯ ದಾರಿ ಹೀಗೇ, ಆದರೆ ಒಂದೊಂದು ಸ್ವರಕ್ಕೆ ಒಂದೊಂದು ಕೊಳವೆ, ಮತ್ತೆ ಒಂದೇ ಸ್ವರವನ್ನು ಬೇರೆ ಬೇರೆ ದನಿಯಲ್ಲಿ ನುಡಿಸಲು ಬೇರೆ ಬೇರೆ ಕೊಳವೆಗಳ ಸಾಲು. ನೋತ್ರ್ ದಾಮ್‌ನಲ್ಲಿ ಇಂಥ ಕೊಳವೆಗಳು ಸುಮಾರು 8,000. ಕೈಗೆ ಐದು ಸಾಲು ಮನೆಗಳು, ಕಾಲಿಗೆ ಇನ್ನೊಂದು ಸಾಲು. ದೊಡ್ಡ ಕೊಳವೆ ಹತ್ತು ಮೀಟರ್ ಉದ್ದ, ಚಿಕ್ಕದು ಬೆರಳಿಗಿಂತ ಸಣ್ಣದು. ಹೆಚ್ಚಿನವು ನಮ್ಮ ಕೊಳಲಿನ ಥರ ಗಾಳಿ ಅಂಚಿಗೆ ಬಡಿದು ನುಡಿಯುತ್ತವೆ, ಉಳಿದವಕ್ಕೆ ಪುಂಗಿಯಂತೆ ಒಳಗೊಂದು ನಾಲಿಗೆ ಇರುತ್ತದೆ.

ಇದನ್ನು ಒಬ್ಬರೇ ಕಟ್ಟಿದ್ದಲ್ಲ. 18ನೇ ಶತಮಾನದಲ್ಲಿ ಕ್ಲಿಕೋ ಅನ್ನುವ ಆರ್ಗನ್ ಕಟ್ಟುವವ ಮಾಡಿದ ಕೊಳವೆಗಳು ಇಂದಿಗೂ ಅದರಲ್ಲಿವೆ. 1868ರಲ್ಲಿ ಕವಾಯೆ-ಕೋಲ್ ಅನ್ನುವ ಮಹಾ ಕುಶಲಿ ಅದನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದ. 1990ರ ದಶಕದಲ್ಲಿ ಕಂಪ್ಯೂಟರ್ ಕೂಡ ಸೇರಿತು. 1937ರಲ್ಲಿ ಲೂಯಿ ವಿಯೆರ್ನ್ ಎಂಬ ಸಂಗೀತಗಾರ ಕಚೇರಿ ನಡೆಯುತ್ತಿದ್ದಾಗಲೇ, ಇದೇ ಆರ್ಗನ್ ಮುಂದೆ ಕೂತಲ್ಲೇ ಕುಸಿದು ತೀರಿಕೊಂಡರು. ಅವರಿಗೆ ಹುಟ್ಟಿನಿಂದ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಮೂವತ್ತೇಳು ವರ್ಷ ಅಲ್ಲಿ ನುಡಿಸಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗ ತೊಂದರೆಗೆ ಬರೋಣ. ಚರ್ಚಿನ ಚಾವಣಿಗೆ ಸೀಸದ ಹೊದಿಕೆ ಇತ್ತು. ಬೆಂಕಿಗೆ ಅದು ಕರಗಿ, ಹಳದಿ ಬಣ್ಣದ ನುಣ್ಣನೆ ಧೂಳಾಗಿ ಎಲ್ಲ ಕಡೆ ಕೂತಿತು. ಸೀಸದ ಧೂಳು ವಿಷ. ಕೊಳವೆಯ ಬಾಯಿ, ಗಾಳಿಪೆಟ್ಟಿಗೆ, ಚರ್ಮದ ಸಣ್ಣ ಸಣ್ಣ ಬಿಲ್ಲೆಗಳು, ಎಲ್ಲದರ ಮೇಲೂ ಅದೇ. ಸುಮ್ನೆ ಒರೆಸಿ ಬಿಡುವ ಕೆಲಸ ಅಲ್ಲ ಇದು. 2020ರ ಆಗಸ್ಟ್‌ನಲ್ಲಿ ಬಿಚ್ಚಲು ಶುರು ಮಾಡಿದವರು ಡಿಸೆಂಬರ್‌ವರೆಗೂ ಬಿಚ್ಚುತ್ತಲೇ ಇದ್ದರು, ಅದೂ ಮೈತುಂಬ ರಕ್ಷಣೆಯ ಬಟ್ಟೆ ಹಾಕಿಕೊಂಡು. ಆಮೇಲೆ ಬಿಡಿಭಾಗಗಳು ಫ್ರಾನ್ಸಿನ ಬೇರೆ ಬೇರೆ ಕಾರ್ಖಾನೆಗಳಿಗೆ ಹೋದವು. ತೊಳೆದರು, ಚರ್ಮ ಬದಲಾಯಿಸಿದರು, ವೈರಿಂಗ್ ಹೊಸದು ಹಾಕಿದರು. 2023ರಲ್ಲಿ ಎಲ್ಲ ವಾಪಸ್ ಬಂದವು.

ನಿಜವಾದ ಕಷ್ಟ ಆಮೇಲೆ. ಒಂದೊಂದು ಕೊಳವೆಯನ್ನೂ ಅದರ ಜಾಗದಲ್ಲಿ ನಿಲ್ಲಿಸಿ, ನುಡಿಸಿ, ಕೇಳಬೇಕು. ಒಬ್ಬರು ಕೆಳಗೆ ಮನೆ ಒತ್ತುತ್ತಾರೆ, ಇನ್ನೊಬ್ಬರು ಒಳಗೆ ಕೊಳವೆಗಳ ನಡುವೆ ನುಸುಳಿ ಬಾಯಿಯನ್ನು ಕೂದಲೆಳೆಯಷ್ಟು ತಿದ್ದುತ್ತಾರೆ. ಕಾರ್ಖಾನೆಯಲ್ಲಿ ಚೆನ್ನಾಗಿ ನುಡಿದ ಕೊಳವೆ ಆ ಕಲ್ಲಿನ ಗೋಡೆಗಳ ನಡುವೆ ಬೇರೆಯೇ ಥರ ಕೇಳಿಸಬಹುದು. ಬಿಸಿಲೇರಿದರೆ ಕೊಳಲಿನಂಥ ಕೊಳವೆಗಳ ಶ್ರುತಿ ಏರುತ್ತದೆ, ನಾಲಿಗೆ ಇರುವವು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ, ಎರಡೂ ಒಂದಕ್ಕೊಂದು ದೂರವಾಗುತ್ತವೆ. ಇದಕ್ಕೆ ಮೌನ ಬೇಕು. ಹಗಲು ಚರ್ಚಿನಲ್ಲಿ ಬಡಗಿಗಳು, ಕಲ್ಲುಕುಟಿಗರು, ಯಂತ್ರಗಳ ಸದ್ದು. ಹಾಗಾಗಿ ಶ್ರುತಿ ಮಾಡುವವರು ರಾತ್ರಿ ಬರುತ್ತಿದ್ದರು, 2024ರಲ್ಲಿ ತಿಂಗಳುಗಟ್ಟಲೆ. ಆ ಖಾಲಿ ಕತ್ತಲಲ್ಲಿ ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳುತ್ತಾ ಕೂತ ಆ ಕಿವಿಗಳಿಗೆ ನಾನು ಕೈ ಮುಗಿಯುತ್ತೇನೆ. ಶ್ರುತಿ ತೋರಿಸುವ ಯಂತ್ರ ಅವರ ಹತ್ತಿರವೂ ಇರುತ್ತದೆ. ಆದರೆ ಪಕ್ಕದ ಕೊಳವೆಯ ದನಿಗೆ ಇದು ಹೊಂದುತ್ತದಾ, ತೀರಾ ಒರಟಾಯಿತಾ ಅನ್ನುವುದನ್ನು ಕಿವಿಯೇ ತೀರ್ಮಾನಿಸಬೇಕು.

2024ರ ಡಿಸೆಂಬರ್ 7ರಂದು ಚರ್ಚ್ ಮತ್ತೆ ತೆರೆಯಿತು. ಆರ್ಚ್‌ಬಿಷಪ್ ಆರ್ಗನ್ ಕಡೆ ತಿರುಗಿ, ಮಲಗಿದವರನ್ನು ಎಬ್ಬಿಸುವ ಹಾಗೆ ಎಂಟು ಸಲ ಕರೆದರು. ಎಂಟು ಸಲವೂ ಅದು ಉತ್ತರ ಕೊಟ್ಟಿತು. ನಾಲ್ವರು ಸಂಗೀತಗಾರರು ಸರದಿಯಂತೆ ಕೂತು, ಮುಂಚೆ ಬರೆದಿಟ್ಟದ್ದೇನೂ ಇಲ್ಲದೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದರು. ಅದರ ವಿಡಿಯೋ ಸಿಗುತ್ತದೆ. ಇವತ್ತು ಮನೆಗೆ ಹೋಗಿ ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪ್ರತಿ ಉತ್ತರ ಮುಗಿದ ಮೇಲೂ ಸ್ವರ ಗೋಡೆಗಳಲ್ಲಿ ಸ್ವಲ್ಪ ಹೊತ್ತು ಓಡಾಡುತ್ತಿರುತ್ತದೆ. ದಯವಿಟ್ಟು ಅದು ಪೂರ್ತಿ ಅಡಗುವವರೆಗೂ ಕಾಯಿರಿ.